ಕೊನೆಯ ಎಲೆ ಬಿದ್ದ ಮೇಲೆ ಯಾರು ಕೊಡುತ್ತಾರೆ?

ಸಿಡ್ನಿಯ ವೆಂಟ್ವರ್ತ್‌ವಿಲ್‌ನಿಂದಲೂ ಮೆಲ್ಬರ್ನಿನ ಟಾರ್ನೀಟ್‌ನಿಂದಲೂ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವ ಪ್ರಶ್ನೆ ಒಂದೇ. ಪೋಕರ್ ಆಟದಲ್ಲಿ ಐದನೆಯ ಎಲೆಯೂ ಮೇಜಿನ ಮೇಲೆ ಬಿದ್ದಾಯಿತು. ಎದುರಿನವನು ಮೇಜು ತಟ್ಟಿ ಚೆಕ್ ಅಂದ. ನನ್ನ ಕೈ ಚೆನ್ನಾಗಿಯೇ ಇದೆ ಅನ್ನಿಸುತ್ತಿದೆ. ಈಗ ಬೆಟ್ ಕಟ್ಟಲೋ, ನಾನೂ ಮೇಜು ತಟ್ಟಿ ಎಲೆ ತಿರುಗಿಸಲೋ? ಬರೆದವರೆಲ್ಲ ತಮ್ಮ ಎರಡು ಎಲೆಗಳನ್ನು ವಿವರವಾಗಿ ತಿಳಿಸುತ್ತಾರೆ. ಎದುರಿನವನ ಬಳಿ ಏನೇನು ಇರಬಹುದಿತ್ತು ಎಂದು ಬರೆಯುವವರು ತೀರ ಕಡಿಮೆ. ಉತ್ತರ ಇರುವುದು ಆ ಬರೆಯದೆ ಬಿಟ್ಟ ಭಾಗದಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಒಬ್ಬೊಬ್ಬರಿಗೂ ಎರಡೆರಡು ಎಲೆ, ಅವು ಅವರಿಗಷ್ಟೇ ಕಾಣುವಂಥವು. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ಒಟ್ಟಿಗೆ ಬೀಳುತ್ತವೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ಕೈಯಲ್ಲಿರುವ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದನ್ನು ಜೋಡಿಸಿದವನದು ಗೆಲುವು. ಪ್ರತಿ ಹಂತದಲ್ಲೂ ಹಣ ಕಟ್ಟುವ ಒಂದು ಸುತ್ತು ಇರುತ್ತದೆ. ಕಟ್ಟಿದ ಹಣವೆಲ್ಲ ಸೇರುವ ರಾಶಿ ಪಾಟ್. ಒಬ್ಬ ಕಟ್ಟಿದಷ್ಟನ್ನೇ ಹಾಕಿ ಉಳಿಯುವುದು ಕಾಲ್, ಅದಕ್ಕಿಂತ ಹೆಚ್ಚು ಹಾಕುವುದು ರೇಸ್. ಆ ಸುತ್ತಿನಲ್ಲಿ ಇನ್ನೂ ಯಾರೂ ಕಟ್ಟಿಲ್ಲವಾದರೆ ಒಂದು ಕಾಸೂ ಹಾಕದೆ ಚೆಕ್ ಮಾಡಿ ಆಟದಲ್ಲಿ ಉಳಿಯಬಹುದು.

ಈ ಹಕ್ಕು ನಮ್ಮವರಿಗೆ ಹೊಸದು. ದೀಪಾವಳಿಯ ರಾತ್ರಿ ಜಗುಲಿಯ ಮೇಲೆ, ಹಾಸ್ಟೆಲ್ಲಿನ ಕೋಣೆಯಲ್ಲಿ ತೀನ್ ಪತ್ತಿ ಆಡಿ ಬೆಳೆದವರು ನಾವು. ಅಲ್ಲಿ ಸರದಿ ಬಂದಾಗ ಎರಡೇ ದಾರಿ: ಚಾಲ್ ಹಾಕಬೇಕು, ಇಲ್ಲವೇ ಪ್ಯಾಕ್ ಮಾಡಬೇಕು. ಸುಮ್ಮನೆ ಕೂರುವ ಹಾಗಿಲ್ಲ. ಕಡೆಯ ಇಬ್ಬರು ಉಳಿದಾಗ ಶೋ ಕೇಳುವುದಕ್ಕೂ ದುಡ್ಡು ಕೊಡಬೇಕು. ಹೀಗಾಗಿ ಎಲೆ ಚೆನ್ನಾಗಿದ್ದರೆ ಹಣ ಹಾಕಲೇಬೇಕು ಎಂಬುದು ನಮ್ಮ ಬೆರಳುಗಳಿಗೇ ಅಂಟಿಕೊಂಡಿದೆ. ಪರಮಟ್ಟದ ಸುತ್ತಮುತ್ತಲ ಪಬ್ ಲೀಗುಗಳಲ್ಲಿ, ಆಮೇಲೆ ಮೆಲ್ಬರ್ನಿಗೆ ಬಂದ ಮೇಲೆ ಇಲ್ಲಿನ ಮೇಜುಗಳಲ್ಲಿ ನಮ್ಮ ಹುಡುಗರು ಆಡುವುದನ್ನು ನೋಡುತ್ತ ಬಂದಿದ್ದೇನೆ. ಫ್ಲಾಪಿನಲ್ಲಿ ಅವರದು ಒಳ್ಳೆಯ ಬುದ್ಧಿ, ಟರ್ನಿನಲ್ಲೂ ಪರವಾಗಿಲ್ಲ. ರಿವರಿಗೆ ಬಂದರೆ ತೀನ್ ಪತ್ತಿಯ ಕೈ ತಾನಾಗಿ ಚಿಪ್ಪುಗಳ ಕಡೆಗೆ ಹೋಗುತ್ತದೆ. ಬಿಟ್ಟಿಯಾಗಿ ಸಿಗುವ ಶೋವನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ.

ರಿವರ್ ಮಿಕ್ಕ ಸುತ್ತುಗಳಿಗಿಂತ ಬೇರೆ ಆಗುವುದಕ್ಕೆ ಕಾರಣ ಸರಳ. ಅದಾದ ಮೇಲೆ ಇನ್ನೊಂದು ಎಲೆ ಬರುವುದಿಲ್ಲ. ಫ್ಲಾಪಿನಲ್ಲಿ ಬೆಟ್ ಕಟ್ಟಲು ಹತ್ತು ನೆಪಗಳಿವೆ. ಎದುರಿನವನು ಒಂದೇ ಜಾತಿಯ ನಾಲ್ಕು ಎಲೆ ಹಿಡಿದು ಐದನೆಯದಕ್ಕೆ ಕಾಯುತ್ತಿರಬಹುದು, ಅವನಿಂದ ಬೆಲೆ ವಸೂಲಿ ಮಾಡಬೇಕು. ನನ್ನ ಸಣ್ಣ ಜೋಡಿಯನ್ನು ಮುಂದಿನ ಎಲೆಯಿಂದ ಕಾಪಾಡಿಕೊಳ್ಳಬೇಕು. ನಾನೇ ಏನೋ ಕಾಯುತ್ತಿರಬಹುದು. ರಿವರ್ ಬೀಳುತ್ತಿದ್ದಂತೆ ಈ ನೆಪಗಳೆಲ್ಲ ಬಿದ್ದುಹೋಗುತ್ತವೆ. ಗೆದ್ದ ಕೈ ಗೆದ್ದಾಗಿದೆ, ಸೋತದ್ದು ಸೋತಾಗಿದೆ, ಎಲೆ ತಿರುಗಿಸುವುದಷ್ಟೇ ಬಾಕಿ. ಈಗ ಹಣ ಕಟ್ಟಲು ಉಳಿದಿರುವ ಕಾರಣಗಳು ಎರಡೇ. ನನಗಿಂತ ಕೀಳಾದ ಕೈ ಹಿಡಿದವನು ಕಾಲ್ ಮಾಡಿ ಹಣ ಕೊಡಬೇಕು. ಇಲ್ಲವೇ ನನಗಿಂತ ಮೇಲಾದ ಕೈ ಹಿಡಿದವನು ಹೆದರಿ ಎಲೆ ಬಿಸಾಡಬೇಕು. ಈ ಎರಡರಲ್ಲಿ ಒಂದೂ ಸಾಕಷ್ಟು ಸಲ ಆಗುವಂತಿಲ್ಲದಿದ್ದರೆ ಆ ಬೆಟ್ಟಿಗೆ ಅರ್ಥವಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಮೇಜಿನ ಮೇಲೆ ಸ್ಪೇಡ್ ರಾಣಿ, ಆಟೀನ್ 9, ಸ್ಪೇಡ್ 4, ಕಳಾವರ್ 2, ಡೈಮನ್ 7 ಬಿದ್ದಿವೆ. ಪಾಟಿನಲ್ಲಿ 100 ಡಾಲರ್ ಇದೆ. ಎದುರಿನವನು ಫ್ಲಾಪಿನಲ್ಲೂ ಟರ್ನಿನಲ್ಲೂ ನಿಮ್ಮ ಬೆಟ್ಟಿಗೆ ಕಾಲ್ ಮಾಡಿ, ಈಗ ಚೆಕ್ ಮಾಡಿದ್ದಾನೆ. ಕೊನೆಯ ಸರದಿ ನಿಮ್ಮದು. ಅವನು ಸಾಮಾನ್ಯ ಆಟಗಾರ. ರಾಣಿಯ ಜೊತೆಗೆ ರಾಜ, ಗುಲಾಮ, 10 ಅಥವಾ 9 ಇದ್ದರೆ ಇಲ್ಲಿಯವರೆಗೆ ಬರುತ್ತಾನೆ. 9ರ ಜೋಡಿ ಮಾಡಿಕೊಂಡು ಪಕ್ಕದಲ್ಲಿ ಎಕ್ಕವೋ ರಾಜನೋ ಗುಲಾಮನೋ ಹತ್ತೋ ಇದ್ದರೂ ಬರುತ್ತಾನೆ. ಕೈಯಲ್ಲಿ ಎರಡು 9 ಅಥವಾ ಎರಡು 4 ಇಟ್ಟುಕೊಂಡು ಹೊಂಚು ಹಾಕುತ್ತಲೂ ಇರಬಹುದು. ಸ್ಪೇಡಿಗೆ ಕಾದು ಕಾದು ಬರಿಗೈಯಾಗಿರಬಹುದು, ಗುಲಾಮ-10 ಹಿಡಿದು ಸಾಲು ಜೋಡಿಸಲು ಹೋಗಿ ಕೆಟ್ಟಿರಬಹುದು.

ನಿಮ್ಮ ಕೈಯಲ್ಲಿ ಆಟೀನ್ ಎಕ್ಕ, ಡೈಮನ್ ರಾಣಿ ಇದೆ ಅಂದುಕೊಳ್ಳಿ. ಒಂದು ರಾಣಿ ಮೇಜಿನ ಮೇಲೆ, ಒಂದು ನಿಮ್ಮಲ್ಲಿ, ಉಳಿದದ್ದು ಎರಡು. ಆ ಎರಡು ರಾಣಿಗಳು ನಾಲ್ಕು ರಾಜರೊಡನೆ 8 ರೀತಿಯಲ್ಲಿ ಸೇರಬಹುದು, ಗುಲಾಮರೊಡನೆ 8, ಹತ್ತುಗಳೊಡನೆ 8. ಒಟ್ಟು 24 ಕೈ, ಎಲ್ಲವೂ ನಿಮಗಿಂತ ಕೀಳು, ಎಲ್ಲವೂ ಕಾಲ್ ಮಾಡುವಂಥವು. ನೀವು 50 ಡಾಲರ್ ಕಟ್ಟಿದರೆ 9ರ ಜೋಡಿಯ ಪಕ್ಕದಲ್ಲಿ ಎಕ್ಕವೋ ರಾಜನೋ ಇರುವವನು ಕೂಡ ನೋಡಿಯೇಬಿಡೋಣ ಎಂದು ಕಾಲ್ ಮಾಡುತ್ತಾನೆ, ಅಂಥವು 21. ಅಲ್ಲಿಗೆ ಹಣ ಕೊಡುವ ಕೈಗಳು 45. ನಿಮ್ಮನ್ನು ಸೋಲಿಸುವವು ರಾಣಿ-9 ಎಂಬ ಎರಡು ಜೋಡಿ 6 ರೀತಿ, ಮೂರು 9 ಆಗುವುದು 3 ರೀತಿ, ಮೂರು 4 ಆಗುವುದು 3 ರೀತಿ, ಸೇರಿ 12. ಕಾಲ್ ಬಂದಾಗಲೆಲ್ಲ ಸರಾಸರಿ 29 ಡಾಲರ್ ಲಾಭ. ಇಲ್ಲಿ ಚೆಕ್ ಮಾಡುವುದೆಂದರೆ ಆ ದುಡ್ಡನ್ನು ಮೇಜಿನ ಮೇಲೇ ಬಿಟ್ಟು ಏಳುವುದು.

ಈಗ ಅದೇ ಮೇಜು, ಅದೇ ಎದುರಾಳಿ, ನಿಮ್ಮ ಕೈಯಲ್ಲಿ ಮಾತ್ರ ಆಟೀನ್ 10, ಕಳಾವರ್ 10. ಅವನ ಬಳಿ ಇರಬಹುದಾದ ಕೈಗಳನ್ನೆಲ್ಲ ಎಣಿಸಿದರೆ ನಿಮಗಿಂತ ಕೀಳಾದವು ಹೆಚ್ಚು. ಎಕ್ಕ-9, ರಾಜ-9, ಗುಲಾಮ-9 ತಲಾ 12, 10-9 ಆರು, ಕೆಟ್ಟುಹೋದ ಗುಲಾಮ-10 ಎಂಟು, ಅವನು ಹಿಡಿಯಬಹುದಾದ ಸ್ಪೇಡ್ ಜೋಡಿಗಳನ್ನು ಸುಮಾರು 12 ಎಂದಿಟ್ಟುಕೊಳ್ಳೋಣ. ಒಟ್ಟು 62. ಮೇಲಾದವು ರಾಜ-ರಾಣಿ 12, ರಾಣಿ-ಗುಲಾಮ 12, ರಾಣಿ-10 ಆರು, ರಾಣಿ-9 ಒಂಬತ್ತು, ಎರಡು 9 ಮತ್ತು ಎರಡು 4 ಹಿಡಿದವು ಸೇರಿ ಆರು. ಒಟ್ಟು 45. ಅಂದರೆ ನೂರಕ್ಕೆ 58 ಸಲ ನೀವೇ ಮುಂದೆ. ಪತ್ರ ಬರೆದ ಓದುಗರಿಗೆ "ಚೆನ್ನಾಗಿಯೇ ಇದೆ" ಅನ್ನಿಸುವುದು ಈ ಜಾಗದಲ್ಲಿ, ಅವರ ಅನಿಸಿಕೆ ಸರಿಯೂ ಹೌದು. ಆದರೆ 50 ಡಾಲರ್ ಕಟ್ಟಿ ನೋಡಿ. ಕೆಟ್ಟುಹೋದ ಸ್ಪೇಡು ಎದ್ದು ಹೋಗುತ್ತದೆ. ಗುಲಾಮ-10 ಎದ್ದು ಹೋಗುತ್ತದೆ. ಗುಲಾಮ-9, 10-9 ಕೂಡ ಹೋಗುತ್ತವೆ. ಅವರೆಲ್ಲ ಹೇಗಿದ್ದರೂ ನಿಮಗೆ ಸೋಲುವವರೇ. ಓಡಿಸಿ ನಿಮಗೆ ಬಂದದ್ದೇನೂ ಇಲ್ಲ. ಕಾಲ್ ಮಾಡುವ ಕೀಳು ಕೈಗಳು ಎಕ್ಕ-9, ರಾಜ-9 ಸೇರಿ 24 ಮಾತ್ರ. ಮೇಲಿನ 45 ಕೈಗಳಲ್ಲಿ ಒಂದೂ ಕದಲುವುದಿಲ್ಲ. ಕಾಲ್ ಬಂದಾಗಲೆಲ್ಲ ಸರಾಸರಿ 15 ಡಾಲರ್ ನಿಮ್ಮ ಜೇಬಿನಿಂದ ಹೋಯಿತು.

ಗೆಲ್ಲುತ್ತಿರುವ ಕೈಯೇ, ಬೆಟ್ ಮಾತ್ರ ಸೋಲುತ್ತಿದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಎಣಿಸಿದವರಿಗೆ ಆಟವೇ ಬೇರೆಯಾಗಿ ಕಾಣತೊಡಗುತ್ತದೆ. ಅಮೆರಿಕದ ಡೇವಿಡ್ ಸ್ಕ್ಲಾನ್‌ಸ್ಕಿ 'ದ ಥಿಯರಿ ಆಫ್ ಪೋಕರ್' ಪುಸ್ತಕದಲ್ಲಿ ಕೊನೆಯ ಸುತ್ತಿಗೆಂದೇ ಒಂದು ಅಧ್ಯಾಯ ಬರೆದರು. ಕೊನೆಯ ಸರದಿ ನಿಮ್ಮದಾಗಿದ್ದರೆ ನೋಡಬೇಕಾದದ್ದು ಎದುರಿನವನ ಎಲ್ಲ ಕೈಗಳ ಎದುರು ನಿಮ್ಮ ಗೆಲುವನ್ನಲ್ಲ, ಕಾಲ್ ಮಾಡುವ ಕೈಗಳ ಎದುರು ಮಾತ್ರ ಎಂಬುದು ಅಲ್ಲಿನ ತಿರುಳು. ಕಾಲ್ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಸೋಲಿಸುವಿರಾದರೆ ಕಟ್ಟಿ, ಇಲ್ಲವಾದರೆ ತಟ್ಟಿ.

ಹಾಗಾದರೆ ಏನೂ ಇಲ್ಲದ ಕೈ? ಇದಕ್ಕೆ ಉತ್ತರ ಕ್ಯಾಸಿನೊಗಳಿಂದ ಬಂದದ್ದಲ್ಲ, ಗಣಿತದ ಕೋಣೆಯಿಂದ ಬಂದದ್ದು. ಜಾನ್ ಫಾನ್ ನಾಯ್ಮನ್ 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಸೇರಿ ಬರೆದ ಗೇಮ್ ಥಿಯರಿಯ ಮಹಾಗ್ರಂಥದಲ್ಲಿ ಒಂದು ಪುಟ್ಟ ಪೋಕರ್ ಮಾದರಿಯಿದೆ. ಅದರಲ್ಲಿ ಬೆಟ್ ಕಟ್ಟಬೇಕಾದವು ಅತ್ಯುತ್ತಮ ಕೈಗಳು ಮತ್ತು ಅತಿ ಕೆಟ್ಟ ಕೈಗಳು. ನಡುವಿನವು ಚೆಕ್. ಅತಿ ಕೆಟ್ಟದ್ದನ್ನು ತೋರಿಸಿದರೆ ಗೆಲುವೇ ಇಲ್ಲ, ಆದ್ದರಿಂದ ಹೆದರಿಸಿ ಗೆಲ್ಲುವ ಬ್ಲಫ್‌ಗೆ ಅದೇ ತಕ್ಕದ್ದು. ನಡುವಿನದಕ್ಕೆ ತೋರಿಸಿದರೇ ಒಂದಿಷ್ಟು ಬೆಲೆ ಇದೆ, ಅದನ್ನು ಬ್ಲಫ್ ಆಗಿಸಿದರೆ ಆ ಬೆಲೆ ಹಾಳಾಗುತ್ತದೆ. ಈಗಿನ ಹುಡುಗರು ಕಂಪ್ಯೂಟರಿನಲ್ಲಿ ಸಾಲ್ವರ್ ಎಂಬ ತಂತ್ರಾಂಶ ಹಾಕಿ ರಾತ್ರಿಯಿಡೀ ಕಲಿಯುತ್ತಾರೆ. ರಿವರಿನಲ್ಲಿ ಅದು ತೋರಿಸುವ ಚಿತ್ರ ಬಹುಮಟ್ಟಿಗೆ ಇದೇ.

ಬ್ಲಫ್‌ನ ಲೆಕ್ಕ ಕಠಿಣವೇನಲ್ಲ. 100 ಡಾಲರಿನ ಪಾಟಿಗೆ 50 ಕಟ್ಟಿ ಹೆದರಿಸಿದರೆ ಮೂರರಲ್ಲಿ ಒಂದು ಸಲ ಅವನು ಎಲೆ ಬಿಸಾಡಿದರೂ ನಿಮಗೆ ನಷ್ಟವಿಲ್ಲ. 100 ಕಟ್ಟಿದರೆ ಎರಡರಲ್ಲಿ ಒಂದು ಸಲ ಬಿಸಾಡಬೇಕು. ಇದರಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಮೇಲಿನ ಮೇಜಿನಲ್ಲಿ ನಿಮ್ಮ ಬಳಿ ಕೆಟ್ಟುಹೋದ ಸ್ಪೇಡ್ 6-5 ಇದೆಯೆಂದರೆ, ಆ ಎರಡು ಸ್ಪೇಡುಗಳು ಅವನ ಕೈಯಲ್ಲಿ ಇರಲಾರವು. ಹೆದರಿ ಓಡಬೇಕಾದವು ಅವನ ಕೆಟ್ಟುಹೋದ ಸ್ಪೇಡುಗಳೇ. ಅವು ಈಗ ಕಡಿಮೆಯಾದವು. ಆದ್ದರಿಂದ ಸ್ಪೇಡ್ ಇಲ್ಲದ ಬರಿಗೈ, ಉದಾಹರಣೆಗೆ ಕಳಾವರ್ ಗುಲಾಮ-ಡೈಮನ್ 10, ಬ್ಲಫ್‌ಗೆ ಹೆಚ್ಚು ಒಗ್ಗುತ್ತದೆ. ಕಾದ ಸ್ಪೇಡ್ ತಪ್ಪಿದ ಸಿಟ್ಟಿನಲ್ಲಿ ಕಟ್ಟುವ ಬೆಟ್ಟೇ ಎಲ್ಲ ಕಡೆ ಹೆಚ್ಚಾಗಿ ಕಾಣುವುದು ಎಂಬುದು ನನಗೆ ಬೇಸರ ತರುವ ಸಂಗತಿ.

ಇಷ್ಟು ಲೆಕ್ಕ ಎಲ್ಲ ಊರಿಗೂ ಒಂದೇ. ಸಿಡ್ನಿ, ಮೆಲ್ಬರ್ನಿನ ಮಾತು ಬೇರೆ. ಈ ದೇಶದಲ್ಲಿ ಪೋಕರ್ ಮನೆಮಾತಾದದ್ದು 2005ರಲ್ಲಿ. ಲೆಬನಾನಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಮೆಲ್ಬರ್ನಿಗೆ ಬಂದು, ಬೆನ್ನುಮೂಳೆ ಸರಿಪಡಿಸುವ ಕೈರೋಪ್ರಾಕ್ಟರ್ ಆಗಿದ್ದ ಜೋ ಹಾಶೆಮ್ ಆ ವರ್ಷ ಲಾಸ್ ವೇಗಸ್‌ನಲ್ಲಿ 5,619 ಮಂದಿ ಆಡಿದ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದು 75 ಲಕ್ಷ ಅಮೆರಿಕನ್ ಡಾಲರ್ ತಂದರು. ಆಮೇಲೆ ಇಲ್ಲಿನ ಪಬ್ಬುಗಳಲ್ಲಿ ವಾರದ ರಾತ್ರಿಗಳೂ ಪೋಕರ್ ಮೇಜು ತುಂಬತೊಡಗಿದವು. ಅವರ ಕೊನೆಯ ಕೈಯನ್ನು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಾರೆ. ಹಾಶೆಮ್ ಬಳಿ 7-3, ಎದುರಿನ ಸ್ಟೀವ್ ಡ್ಯಾನೆನ್‌ಮನ್ ಬಳಿ ಎಕ್ಕ-3. ಫ್ಲಾಪಿನಲ್ಲಿ 6, 5, 4 ಬಿದ್ದು ಹಾಶೆಮ್ ಅವರ ಸಾಲು ಪೂರ್ತಿಯಾಯಿತು. ಟರ್ನಿನಲ್ಲಿ ಎಕ್ಕ ಬಿದ್ದಾಗ ಎದುರಿನವರ ಹಣವೆಲ್ಲ ಒಳಗೆ ಹೋಯಿತು. ರಿವರಿನಲ್ಲಿ ನಿರ್ಧಾರ ಎಂಬುದೇ ಉಳಿಯಲಿಲ್ಲ, 4 ಬೀಳುವುದನ್ನು ನೋಡಿದ್ದಷ್ಟೇ. ಟಿವಿ ನೋಡಿ ಕಲಿತ ಒಂದು ತಲೆಮಾರಿಗೆ ಎಲ್ಲವನ್ನೂ ಒಳಗೆ ತಳ್ಳುವುದು ಗೊತ್ತು. ಯಾರೂ ಏನೂ ಕಟ್ಟದೆ ಎಲೆ ತಿರುಗಿಸುವ ರಿವರುಗಳನ್ನು ಸಂಪಾದಕರು ಕತ್ತರಿಸಿ ಎಸೆದಿರುತ್ತಾರೆ.

ಆ ಕತ್ತರಿಸಿ ಎಸೆದ ಭಾಗ ಬೇಕೆನ್ನುವವರಿಗೆ ಮೆಲ್ಬರ್ನೇ ಒಂದು ಅಪರೂಪದ ದಾಖಲೆ ಕೊಟ್ಟಿದೆ. ಯಾರಾ ನದಿಯ ದಂಡೆಯ ಕ್ರೌನ್ ಕ್ಯಾಸಿನೊದಲ್ಲಿ 2007ರ ಜನವರಿಯಲ್ಲಿ ನಡೆದ ಆಸ್ಸಿ ಮಿಲಿಯನ್ಸ್ ಪಂದ್ಯದಲ್ಲಿ 747 ಮಂದಿ ಆಡಿದರು. ಗೆದ್ದದ್ದು ಡೆನ್ಮಾರ್ಕಿನ ಗಸ್ ಹ್ಯಾನ್ಸೆನ್, ಬಹುಮಾನ 15 ಲಕ್ಷ ಆಸ್ಟ್ರೇಲಿಯನ್ ಡಾಲರ್. ಅವರು ಆಡುತ್ತಲೇ ತಮ್ಮ ಕೈಗಳನ್ನು ಸಣ್ಣ ಧ್ವನಿಮುದ್ರಕದಲ್ಲಿ ಹೇಳಿಕೊಳ್ಳುತ್ತ ಹೋದರು. ಮರುವರ್ಷ 'ಎವ್ರಿ ಹ್ಯಾಂಡ್ ರಿವೀಲ್ಡ್' ಎಂಬ ಪುಸ್ತಕವಾಗಿ ಅವೆಲ್ಲ ಹೊರಬಂದವು. ದಾಳಿಕೋರ ಎಂದೇ ಹೆಸರಾದ ಆಟಗಾರನ ಪುಸ್ತಕವನ್ನು ಬ್ಲಫ್ ಕಲಿಯಲೆಂದು ಕೊಳ್ಳುವವರು ಹೆಚ್ಚು. ಅದನ್ನು ರಿವರಿಗಾಗಿ ಓದಿ ಎಂದು ನಾನು ಹೇಳುತ್ತೇನೆ. ಒಂದೊಂದು ನಿರ್ಧಾರದ ಹಿಂದೆಯೂ ಎದುರಿನವನ ಬಳಿ ಏನಿರಬಹುದು ಎಂಬ ಎಣಿಕೆ ಹೇಗೆ ನಡೆಯುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಹತ್ತು ವರ್ಷದ ಬಳಿಕ, 2017ರಲ್ಲಿ, ಅದೇ ಪಂದ್ಯವನ್ನು ಮೆಲ್ಬರ್ನಿನ ಶುರಾನೆ ವಿಜಯರಾಮ್ ಎಂಬ ಹವ್ಯಾಸಿ ಗೆದ್ದಾಗ ನಮ್ಮ ದಕ್ಷಿಣ ಏಷ್ಯಾದ ಮನೆಗಳಲ್ಲಿ ದೊಡ್ಡ ಸುದ್ದಿಯಾಯಿತು. 130 ಡಾಲರಿನ ಅರ್ಹತಾ ಪಂದ್ಯದಿಂದ ಬಂದು 16 ಲಕ್ಷ ಗೆದ್ದವರು ಅವರು. ಆ ವರ್ಷದಿಂದಲೇ ನನಗೆ ಇಂಥ ಪತ್ರಗಳು ಹೆಚ್ಚಾದದ್ದು.

ಪಿರ್ಮಾಂಟಿನ ದ ಸ್ಟಾರ್ ಕ್ಯಾಸಿನೊ ಇರಲಿ, ಕ್ರೌನ್ ಇರಲಿ, ಬ್ಲ್ಯಾಕ್‌ಟೌನಿನ ಪಬ್ ಇರಲಿ, ಸಣ್ಣ ಮೇಜುಗಳ ಜನ ಕೆಲಸ ಮುಗಿಸಿ ಆಡಲು ಬಂದವರು. ಅವರಿಗೆ ನೋಡುವ ಆಸೆ ಹೆಚ್ಚು, ಎಲೆ ಬಿಸಾಡುವ ಮನಸ್ಸು ಕಡಿಮೆ. ಇಂಥವರ ಎದುರು ಬ್ಲಫ್ ಕಡಿಮೆ ಮಾಡಿ, ಒಳ್ಳೆಯ ಕೈ ಬಂದಾಗ ಬೆಲೆ ಹೆಚ್ಚು ಕೇಳಿ. ಮೇಲಿನ ಎಕ್ಕ-ರಾಣಿಗೆ 50ರ ಬದಲು 75 ಕಟ್ಟಿದರೂ ರಾಣಿ ಹಿಡಿದವನು ಕಾಲ್ ಮಾಡುತ್ತಾನೆ. ನಿಮ್ಮ ಬೆಟ್ಟಿನ ಮೇಲೆ ಅವನು ದಿಢೀರನೆ ರೇಸ್ ಮಾಡಿದನೆಂದರೆ ಒಂದು ಜೋಡಿಯನ್ನು ಬಿಸಾಡಿ, ಎಷ್ಟೇ ಚೆಂದದ ಜೋಡಿಯಾದರೂ ಸರಿ. ಈ ಮೇಜುಗಳಲ್ಲಿ ರಿವರಿನ ರೇಸ್ ಬ್ಲಫ್ ಆಗಿರುವುದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ಮೊದಲ ಸರದಿ ನಿಮ್ಮದಾದರೆ ಲೆಕ್ಕ ಸ್ವಲ್ಪ ತಿರುಗುತ್ತದೆ. ನೀವು ಚೆಕ್ ಮಾಡಿದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ, ಎದುರಿನವನು ಕಟ್ಟಬಹುದು. ಅವನು ಎಂಥವನು ಎಂಬುದು ಆಗ ಮುಖ್ಯ. ಮೇಲಾದ ಕೈ ಬಂದಾಗ ಮಾತ್ರ ಕಟ್ಟಿ, 9ರ ಜೋಡಿಯಂಥವನ್ನು ಚೆಕ್ ಮಾಡಿ ತೋರಿಸಿಬಿಡುವ ಸ್ವಭಾವದವನಾದರೆ, ನಿಮ್ಮ ಚೆಕ್‌ನಿಂದ ಅವನ ಒಳ್ಳೆಯ ಕೈಗೆ ನೀವು ಕೊಡುತ್ತೀರಿ, ಅವನ ಕೀಳು ಕೈಯಿಂದ ನಿಮಗೇನೂ ಬರುವುದಿಲ್ಲ. ಹೇಗಿದ್ದರೂ ಅವನ ಬೆಟ್ಟಿಗೆ ನೀವು ಕಾಲ್ ಮಾಡುವವರೇ ಆದರೆ ನೀವೇ ಮೊದಲು ಸಣ್ಣದಾಗಿ ಕಟ್ಟುವುದು ಲೇಸು, ಗೆಲುವು ಅರ್ಧಕ್ಕಿಂತ ಚೂರು ಕಡಿಮೆಯಿದ್ದರೂ. ಅವನು ಸುಮ್ಮಸುಮ್ಮನೆ ಹೆದರಿಸುವ ಆಸಾಮಿಯಾದರೆ ಚೆಕ್ ಮಾಡಿ, ಅವನಿಗೆ ಆ ಅವಕಾಶ ಕೊಡಿ.

ಬೆಂಗಳೂರಿನ ಓದುಗರಿಗೆ ಒಂದು ಮಾತು. ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಸ್ಟ್ರೇಲಿಯದಲ್ಲೂ 2001ರ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ನಂತರ ಪೋಕರ್‌ಸ್ಟಾರ್ಸ್‌ನಂಥ ತಾಣಗಳು ಇಲ್ಲಿಂದ ಹೊರಟವು. ಹಾಗಾಗಿ ನಾನು ಹೇಳುತ್ತಿರುವುದು ಮುಖಾಮುಖಿ ಕೂತು ಆಡುವ ಆಟದ ವಿಚಾರ. ಇಲ್ಲಿಗೆ ಹೊಸದಾಗಿ ಬಂದವರಿಗೂ ಒಂದು ಮಾತಿದೆ. ಕ್ಲಬ್ಬುಗಳಲ್ಲಿ ಪೋಕಿ ಎಂದು ಕರೆಯುವ ಯಂತ್ರಗಳಿಗೂ ಈ ಆಟಕ್ಕೂ ಸಂಬಂಧವಿಲ್ಲ. ನ್ಯೂ ಸೌತ್ ವೇಲ್ಸ್ ಒಂದರಲ್ಲೇ ಅಂಥ ಯಂತ್ರಗಳು 80 ಸಾವಿರಕ್ಕೂ ಹೆಚ್ಚಿವೆ. ತಲಾವಾರು ಜೂಜಿನ ನಷ್ಟದಲ್ಲಿ ಜಗತ್ತಿನಲ್ಲೇ ಮುಂದಿರುವ ದೇಶ ಇದು, ಆ ನಷ್ಟದ ದೊಡ್ಡ ಪಾಲು ಆ ಯಂತ್ರಗಳದ್ದು. ಅಲ್ಲಿ ಹಣ ಹಾಕದೆ ಆಟದಲ್ಲಿ ಉಳಿಯುವ ಗುಂಡಿಯೇ ಇಲ್ಲ. ಪೋಕರಿನಲ್ಲೂ ಕ್ಯಾಸಿನೊ ತನ್ನ ಪಾಲನ್ನು ಪಾಟಿನಿಂದ ತೆಗೆದುಕೊಳ್ಳುತ್ತದೆ, ಅದನ್ನು ಕಳೆದು ಮಿಕ್ಕಿದ್ದಕ್ಕೆ ನಮ್ಮ ಲೆಕ್ಕವೆಲ್ಲ. ಮನೆಯ ಕಂತಿನ ದುಡ್ಡು ಮೇಜಿಗೆ ಬರಕೂಡದು. ಬಂದಿದೆ ಅನ್ನುವವರು 1800 858 858ಕ್ಕೆ ಕರೆ ಮಾಡಿ. ಅದು ದೇಶದ ಉಚಿತ ಜೂಜು ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ.

ಕಡೆಯದಾಗಿ, ಟಾರ್ನೀಟಿನ ಓದುಗರೊಬ್ಬರು ಕೇಳಿದ್ದು. ಪಬ್ ಟೂರ್ನಿಯಲ್ಲಿ ತಮ್ಮ ಗೆಳೆಯರೊಬ್ಬರ ಎದುರು ರಿವರಿನಲ್ಲಿ ಸೋಲಿಸಲಾಗದ ಕೈ ಹಿಡಿದಿದ್ದರಂತೆ. ಕೊನೆಯ ಸರದಿ ಅವರದೇ. ಗೆಳೆಯನ ಬಳಿ ಚಿಪ್ಪು ಕಡಿಮೆ ಇದ್ದುದರಿಂದ ದಾಕ್ಷಿಣ್ಯಕ್ಕೆ ಚೆಕ್ ಮಾಡಿದರು. ಮೇಲ್ವಿಚಾರಕ ಅವರನ್ನು ಒಂದು ಸುತ್ತು ಹೊರಗೆ ಕೂರಿಸಿದ. ಚೆಕ್ ಮಾಡುವುದು ನನ್ನ ಹಕ್ಕಲ್ಲವೇ ಎಂಬುದು ಅವರ ಪ್ರಶ್ನೆ. ಹಲವು ಟೂರ್ನಿಗಳಲ್ಲಿ ಇದು ಶಿಕ್ಷಾರ್ಹ, ಹಾಗಿರುವುದು ನ್ಯಾಯವೂ ಹೌದು. ಸೋಲುವ ಸಾಧ್ಯತೆಯೇ ಇಲ್ಲದ ಕೈಯಲ್ಲಿ ಕೊನೆಯವರಾಗಿ ಚೆಕ್ ಮಾಡಲು ಆಟದೊಳಗೆ ಯಾವ ಕಾರಣವೂ ಇಲ್ಲ. ಹೊರಗಿನ ಕಾರಣವೇ ಇರಬೇಕು. ಇಬ್ಬರು ಸ್ನೇಹಿತರು ಪರಸ್ಪರ ಬಿಟ್ಟುಕೊಡುತ್ತ ಹೋದರೆ ಅದರ ಬೆಲೆ ತೆರುವವರು ಅದೇ ಮೇಜಿನ ಮಿಕ್ಕವರು. ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ನಾಲ್ಕಾರು ಮಂದಿಯೇ ಒಟ್ಟಿಗೆ ಹೋಗಿ ಒಂದೇ ಮೇಜಿಗೆ ಕೂರುವ ನಮ್ಮಲ್ಲಿ ಈ ಮುಲಾಜು ಬಹಳ. ಹೊರಡುವ ಮೊದಲೇ ಮಾತಾಡಿಕೊಳ್ಳಿ: ಮೇಜಿನ ಮೇಲೆ ಪೂರ್ತಿ ಬೆಲೆ ಕಟ್ಟುತ್ತೇನೆ, ನೀನೂ ಕಟ್ಟು, ರಾತ್ರಿ ಮನೆಗೆ ಡ್ರಾಪ್ ಮಾತ್ರ ನನ್ನದೇ ಕಾರಿನಲ್ಲಿ.